ಭಾಷಾಂತರವು ಎಂಜಲೂಟವೆ?

ನಮ್ಮ ಸಂಘದ ವಾಚನಕೂಟದ ಮುಂದೆ ಒಂದು ಸೂಚನೆ ಬಂದಿದೆ. ಇನ್ನು ಮುಂದೆ ಕೂಟದಲ್ಲಿ ಕನ್ನಡದ ಸ್ವತಂತ್ರ ಕೃತಿಗಳನ್ನು ಮಾತ್ರವೇ ಓದಿ ಚರ್ಚಿಸತಕ್ಕದ್ದು, ಭಾಷಾಂತರಗಳನ್ನು ಎತ್ತಿಕೊಳ್ಳಕೂಡದು, ಸಂಘದ ಕಪಾಟಿಗೂ ಅಂತಹ ಪುಸ್ತಕಗಳನ್ನು ಹೊಸದಾಗಿ ಕೊಳ್ಳಕೂಡದು ಎಂಬುದು ಅದರ ಸಾರ. ಸೂಚನೆಯನ್ನು ತಂದವರು ನಮ್ಮಲ್ಲಿ ಹಿರಿಯರು. ಕನ್ನಡದ ವಿಷಯದಲ್ಲಿ ಅವರಿಗಿರುವ ಕಳಕಳಿಯನ್ನು ಶಂಕಿಸುವಷ್ಟು ಉದ್ಧಟತನ ನನಗಿಲ್ಲ. ಆದರೆ ಕಳಕಳಿ ಬೇರೆ, ಯುಕ್ತಿ ಬೇರೆ. ಮುಂದಿನ ಸಭೆಯಲ್ಲಿ ಸೂಚನೆ ತೀರ್ಮಾನಕ್ಕೆ ಬರುವುದರೊಳಗಾಗಿ ಸದಸ್ಯರು ಅದರ ಯುಕ್ತಾಯುಕ್ತತೆಯನ್ನು ವಿಚಾರಮಾಡಲಿ ಎಂಬ ಉದ್ದೇಶದಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಪಂಡಿತನಲ್ಲ, ಶಿಕ್ಷಕರ ತರಬೇತಿ ಮುಗಿಸಿ ಮಕ್ಕಳಿಗೆ ಕಾಗುಣಿತ ಕಲಿಸುವ ಉಪಾಧ್ಯಾಯ. ಆದರೆ ಈ ಸೂಚನೆಯ ಪರಿಣಾಮ ಪಂಡಿತರಿಗಿಂತ ಹೆಚ್ಚಾಗಿ ತಟ್ಟುವುದು ನನ್ನೆದುರು ಕುಳಿತಿರುವ ಮಕ್ಕಳಿಗೆ. ಆದುದರಿಂದ ಮಾತಾಡುವ ಹಕ್ಕು ನನಗೂ ಉಂಟು.

ಸೂಚನೆಯ ಪರವಾಗಿ ಮೂರು ವಾದಗಳನ್ನು ಕೇಳಿದ್ದೇನೆ. ಭಾಷಾಂತರವೆಂಬುದು ಇನ್ನೊಬ್ಬರು ಉಂಡೆದ್ದ ಎಲೆ, ಅದು ಸಾಹಿತ್ಯವೇ ಅಲ್ಲ ಎಂಬುದು ಮೊದಲನೆಯದು. ಮೂಲವನ್ನು ಓದದವನಿಗೆ ಆ ಕೃತಿಯ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರವಿಲ್ಲ, ಆದುದರಿಂದ ಭಾಷಾಂತರವನ್ನಿಟ್ಟುಕೊಂಡು ನಡೆಸುವ ಚರ್ಚೆಯೆಲ್ಲ ಬರಿಯ ಕಾಡುಹರಟೆ ಎಂಬುದು ಎರಡನೆಯದು. ಗಡಿಯ ಈಚೆ ಉಳಿದ ಕನ್ನಡಿಗರು ಕೆಲವೇ ಮಂದಿ, ಇರುವ ಅಲ್ಪ ಕಾಲವನ್ನೂ ಅಲ್ಪ ಹಣವನ್ನೂ ನಮ್ಮದಾದುದಕ್ಕೇ ಮೀಸಲಿಡಬೇಕು ಎಂಬುದು ಮೂರನೆಯದು. ಒಂದೊಂದನ್ನೂ ಕ್ರಮವಾಗಿ ನೋಡೋಣ.

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲೆಲ್ಲ ಹಳೆಯದು ‘ಕವಿರಾಜಮಾರ್ಗ’. ಕ್ರಿ. ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾದುದು. ಕನ್ನಡನಾಡಿನ ಎಲ್ಲೆಯನ್ನು ಹೇಳುವಲ್ಲಿ ನಮ್ಮ ಕಾವೇರಿಯ ಹೆಸರೆತ್ತಿದ ಗ್ರಂಥವೆಂದು ರಾಜ್ಯೋತ್ಸವದ ಭಾಷಣಗಳಲ್ಲಿ ಅದನ್ನು ತಪ್ಪದೆ ಸ್ಮರಿಸುತ್ತೇವೆ. ಆ ಗ್ರಂಥದ ಬಹುಭಾಗಕ್ಕೆ ಆಧಾರ ಯಾವುದು? ದಂಡಿಯ ‘ಕಾವ್ಯಾದರ್ಶ’. ದಂಡಿ ಸಂಸ್ಕೃತದಲ್ಲಿ ಬರೆದವನು, ಕಾಂಚಿಯ ಪಲ್ಲವರ ನಾಡಿನವನೆಂದು ವಿದ್ವಾಂಸರ ಅಭಿಪ್ರಾಯ. ಅದೇ ಕಾವ್ಯಾದರ್ಶವನ್ನು ಹಿಡಿದು ಮುಂದೆ ತಮಿಳಿನಲ್ಲಿ ‘ದಂಡಿಯಲಂಕಾರಂ’ ಹುಟ್ಟಿತು. ಸಿಂಹಳದಲ್ಲಿ ‘ಸಿಯಬಸ್‌ಲಕರ’ ಹುಟ್ಟಿತು. ಟಿಬೆಟ್ಟಿನ ಭಾಷೆಗೂ ಅದು ಹೋಯಿತು. ಶ್ರೀವಿಜಯನಾದರೋ ದಂಡಿಯನ್ನು ಕನ್ನಡಕ್ಕೆ ತರುವಾಗ ಯಾವುದು ನಮ್ಮ ನುಡಿಗೆ ಒಗ್ಗುತ್ತದೆ, ಯಾವುದು ಒಗ್ಗದು ಎಂಬುದನ್ನು ತೂಗಿ ನೋಡಿದ. ಸಂಸ್ಕೃತ ಕನ್ನಡ ಪದಗಳನ್ನು ಅರಿವಿಲ್ಲದೆ ಬೆಸೆಯುವವರನ್ನು ಹಳಿದ. ಎಂದರೆ, ಕನ್ನಡದ ಸ್ವಭಾವವೇನು ಎಂಬ ವಿಚಾರ ನಮ್ಮಲ್ಲಿ ಮೊತ್ತಮೊದಲು ಬರೆಹಕ್ಕೆ ಇಳಿದುದೇ ಪರಭಾಷೆಯ ಗ್ರಂಥವೊಂದನ್ನು ಕನ್ನಡಿಸುವ ಕಷ್ಟದಲ್ಲಿ. ಎಂಜಲೆಂಬ ಮಾತು ನಿಜವಾದರೆ ನಮ್ಮ ಮನೆಯ ಮೊದಲ ಪಂಕ್ತಿಯೇ ಎಂಜಲಾಯಿತಲ್ಲ!

ಇನ್ನು ‘ಪಂಚತಂತ್ರ’. ದುರ್ಗಸಿಂಹ ಕ್ರಿ. ಶ. 1031ರ ಸುಮಾರಿಗೆ ವಸುಭಾಗಭಟ್ಟನ ಸಂಸ್ಕೃತ ಪಾಠವನ್ನನುಸರಿಸಿ ಅದನ್ನು ಕನ್ನಡಕ್ಕೆ ತಂದ. ಅದಕ್ಕೂ ಐದು ನೂರು ವರ್ಷ ಹಿಂದೆಯೇ ಆ ಕಥೆಗಳು ಪಾರಸಿಕರ ಪಹ್ಲವಿ ಭಾಷೆಗೆ ದಾಟಿದ್ದವು; ಅಲ್ಲಿಂದ ಅರಬ್ಬೀ ಭಾಷೆಗೆ, ಮುಂದೆ ಹೀಬ್ರೂ, ಲ್ಯಾಟಿನ್ ಭಾಷೆಗಳ ಮೂಲಕ ಯೂರೋಪಿನ ಮನೆಮನೆಗೆ ಹೋದವು. ಜಗತ್ತಿನಲ್ಲಿ ಇಷ್ಟು ಮಕ್ಕಳು ಕೇಳಿದ ಕಥೆಗಳು ಬೇರೆ ಇವೆಯೋ ಇಲ್ಲವೋ. ಅವರಲ್ಲಿ ಮೂಲ ಸಂಸ್ಕೃತದಲ್ಲಿ ಕೇಳಿದವರೆಷ್ಟು ಮಂದಿ? ಭಾಷಾಂತರ ಬೇಡವೆನ್ನುವ ಉಪಾಧ್ಯಾಯರು ನಾಳೆಯಿಂದ ಮಕ್ಕಳಿಗೆ ಪಂಚತಂತ್ರದ ಕಥೆ ಹೇಳುವುದನ್ನು ನಿಲ್ಲಿಸಲು ಸಿದ್ಧರಿದ್ದಾರೆಯೆ?

ಇದಕ್ಕೆ ಒಂದು ಉತ್ತರವನ್ನು ನಾನು ಊಹಿಸಬಲ್ಲೆ. ‘ಪಂಪ, ದುರ್ಗಸಿಂಹರು ಮಾಡಿದುದು ಮರುಸೃಷ್ಟಿ, ಈಗಿನವರು ಮಾಡುವುದು ನಕಲು’ ಎನ್ನುವರು. ಒಳ್ಳೆಯದು. ಪಂಪ 941ರಲ್ಲಿ ವ್ಯಾಸಭಾರತವನ್ನು ತನ್ನ ದೊರೆ ಅರಿಕೇಸರಿಯ ಕಥೆಯೊಡನೆ ಬೆರೆಸಿ ಹೊಸತೇ ಒಂದು ಕಾವ್ಯ ಕಟ್ಟಿದ. ಅದನ್ನು ಸಾಮಾನ್ಯ ಭಾಷಾಂತರವೆಂದು ಯಾರೂ ಕರೆಯರು. ಆದರೆ ಇದನ್ನು ಒಪ್ಪಿದೊಡನೆ ಮೊದಲನೆಯ ವಾದ ಕುಸಿಯಿತು. ಏಕೆಂದರೆ ಆಗ ಪ್ರಶ್ನೆ ‘ಇದು ಎಲ್ಲಿಂದ ಬಂತು’ ಎಂಬುದಲ್ಲ, ‘ಬಂದ ಮೇಲೆ ಕನ್ನಡದಲ್ಲಿ ಹೇಗೆ ನಿಂತಿದೆ’ ಎಂಬುದು. ಆ ಪ್ರಶ್ನೆಗೆ ಉತ್ತರ ಪುಸ್ತಕವನ್ನು ತೆರೆದು ಓದಿದ ಮೇಲೆಯೇ ದೊರೆಯುವುದು; ಕಪಾಟಿನಿಂದ ಹೊರಗಿಟ್ಟಾಗ ಅಲ್ಲ. ಕೆಟ್ಟ ಭಾಷಾಂತರಗಳಿವೆ, ನಾನೂ ಓದಿ ಬೇಸತ್ತಿದ್ದೇನೆ. ಕೆಟ್ಟ ಸ್ವತಂತ್ರ ಕಾದಂಬರಿಗಳು ಇಲ್ಲವೆ? ಅವುಗಳಿಗಾಗಿ ಕಾದಂಬರಿಯನ್ನೇ ನಿಷೇಧಿಸುವ ಸೂಚನೆಯನ್ನು ಯಾರೂ ತಂದಿಲ್ಲ.

ಹಳೆಯ ಮಾತು ಸಾಕೆಂದರೆ ಹೊಸಗನ್ನಡಕ್ಕೇ ಬರೋಣ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಾಗ ಅದರಲ್ಲಿ ಇದ್ದುವು ಬಹುಮಟ್ಟಿಗೆ ಇಂಗ್ಲಿಷ್ ಕವಿಗಳ ಪದ್ಯಗಳ ಕನ್ನಡರೂಪಗಳು. ಆದರೆ ಆ ಮಟ್ಟುಗಳು, ಆ ನಡೆ ಕಿವಿಗೆ ಬಿದ್ದ ಮೇಲೆ ಕನ್ನಡದ ಭಾವಗೀತೆ ಹಿಂದಿನಂತೆ ಉಳಿಯಲಿಲ್ಲ. ಸೋಫೋಕ್ಲಿಸನ ‘ಅಯಾಸ್’ ನಾಟಕದ ದುರಂತವನ್ನು ಅವರು ನಮ್ಮ ಭಾರತದ ಅಶ್ವತ್ಥಾಮನ ಮೇಲೆ ಇಳಿಸಿದರು. ಐಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಿಸಿದರು. ಪ್ರಾಥಮಿಕ ಶಾಲೆಯ ಮಕ್ಕಳೆಲ್ಲರ ಬಾಯಲ್ಲಿ ನಲಿಯುವ ಶಿಶುಗೀತೆಗಳನ್ನು ಬರೆದ ಜಿ. ಪಿ. ರಾಜರತ್ನಂ ಅವರು ಪಾಲಿ ಭಾಷೆಯನ್ನು ಕಲಿತು ಬುದ್ಧವಚನಗಳನ್ನೂ ಜಾತಕಕಥೆಗಳನ್ನೂ ಕನ್ನಡಕ್ಕೆ ತಂದವರು. ಒಂದೇ ಕೈ ಎರಡನ್ನೂ ಮಾಡಿತು. ಒಂದು ಕೈಯ ಕೆಲಸವನ್ನು ಅಮೃತವೆಂದೂ ಅದೇ ಕೈಯ ಇನ್ನೊಂದು ಕೆಲಸವನ್ನು ಎಂಜಲೆಂದೂ ಹೇಳುವುದು ಯಾವ ನ್ಯಾಯ?

ಎರಡನೆಯ ವಾದ ಮೊದಲನೆಯದಕ್ಕಿಂತ ಗಟ್ಟಿಯಾದುದು. ಅದರಲ್ಲಿ ಅರ್ಧ ಸತ್ಯವಿದೆ. ಮೂಲವನ್ನು ಓದದವನು ಮೂಲದ ಶಬ್ದಸೌಂದರ್ಯವನ್ನು ಕುರಿತು ತೀರ್ಪು ಕೊಡಲಾಗದು. ಇದನ್ನು ಒಪ್ಪದಿದ್ದರೆ ಅದು ಹಟವಾದೀತು. ಆದರೆ ಒಂದು ಪುಸ್ತಕದ ವಿಷಯದಲ್ಲಿ ಆಡಬಹುದಾದ ಮಾತು ಅದೊಂದೇ ಅಲ್ಲ. ಇಲ್ಲಿ ಯಾರು ಯಾರಿಗೆ ಅನ್ಯಾಯ ಮಾಡಿದರು, ಲೇಖಕ ಏನನ್ನು ನಂಬುತ್ತಾನೆ, ಆ ನಂಬಿಕೆ ನಮಗೆ ಒಪ್ಪಿಗೆಯೆ, ಇಂತಹ ಪ್ರಶ್ನೆಗಳಿಗೆ ಎಚ್ಚರದಿಂದ ಭಾಷಾಂತರವನ್ನು ಓದಿದವನು ಧಾರಾಳವಾಗಿ ಉತ್ತರ ಹೇಳಬಲ್ಲ. ಮೂಲವೇ ಬೇಕೆಂದು ಪಟ್ಟುಹಿಡಿಯುವ ನಮ್ಮ ಮಿತ್ರರು ಉಪನಿಷತ್ತುಗಳ ವಿಷಯವಾಗಿ, ಬುದ್ಧನ ವಿಷಯವಾಗಿ, ಟಾಲ್‌ಸ್ಟಾಯ್ ವಿಷಯವಾಗಿ ಗಂಟೆಗಟ್ಟಲೆ ಮಾತಾಡುತ್ತಾರೆ. ಅವರಲ್ಲಿ ವೇದಕಾಲದ ಸಂಸ್ಕೃತವನ್ನೋ ಪಾಲಿಯನ್ನೋ ರಷ್ಯನ್ ಭಾಷೆಯನ್ನೋ ಬಲ್ಲವರು ಎಷ್ಟು ಮಂದಿ? ಅವರ ನಿಯಮವನ್ನು ಅವರಿಗೇ ಅನ್ವಯಿಸಿದರೆ ನಮ್ಮ ಜಗಲಿಯ ಮೇಲೆ ತತ್ತ್ವಶಾಸ್ತ್ರದ ಮಾತೇ ಎದ್ದೀತೆ?

ಭಾಷಾಂತರದ ಚರ್ಚೆ ಹೇಗೆ ನಡೆಯಬೇಕೆಂಬುದಕ್ಕೆ ಒಂದು ನಿಜವಾದ ನಿದರ್ಶನ ಕೊಡುತ್ತೇನೆ. ಎ. ಕೆ. ರಾಮಾನುಜನ್ ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದವರು, ತಮಿಳು ಮನೆಮಾತು, ಕನ್ನಡದಲ್ಲಿ ಕವಿತೆ ಬರೆದವರು, ಸಂಗಂ ಕವಿತೆಗಳನ್ನೂ ನಮ್ಮ ವಚನಗಳನ್ನೂ ಇಂಗ್ಲಿಷಿಗೆ ಕೊಟ್ಟವರು. 1973ರಲ್ಲಿ ಪ್ರಕಟವಾದ ಅವರ ವಚನಗಳ ಇಂಗ್ಲಿಷ್ ಸಂಕಲನ ‘ಸ್ಪೀಕಿಂಗ್ ಆಫ್ ಶಿವ’ ಲೋಕದ ಕಣ್ಣನ್ನು ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಕಡೆಗೆ ತಿರುಗಿಸಿತು. ಅದರಲ್ಲಿ ಅವರು ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಹಾಗೆಯೇ ಬಿಡದೆ, ನದಿಗಳು ಕೂಡುವ ತಾಣದ ಒಡೆಯ ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿದರು. ಇದು ಸರಿಯೆ? ಇಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಕನ್ನಡ ತಿಳಿಯದ ಓದುಗನಿಗೆ ಅರ್ಥವಿಲ್ಲದ ನಾದವಾಗಬಹುದಾಗಿದ್ದ ಹೆಸರು ಒಂದು ಚಿತ್ರವಾಯಿತು; ಅದು ಲಾಭ. ಮಲಪ್ರಭೆ ಕೃಷ್ಣೆಯನ್ನು ಕೂಡುವ, ಬಸವಣ್ಣ ಬಾಳಿದ, ಜನ ಇಂದಿಗೂ ನಡೆದುಹೋಗುವ ಆ ಒಂದು ಊರು ಮರೆಯಾಯಿತು, ಅದು ನಷ್ಟ. ತೇಜಸ್ವಿನಿ ನಿರಂಜನ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಾಷಾಂತರಗಳನ್ನು ಕಟುವಾಗಿ ವಿಮರ್ಶಿಸಿ, ವಚನಗಳನ್ನು ಪಾಶ್ಚಾತ್ಯರ ಅಭಿರುಚಿಯ ಅಚ್ಚಿಗೆ ಒಗ್ಗಿಸಲಾಗಿದೆ ಎಂದು ಆಕ್ಷೇಪಿಸಿದರು. ರಾಮಾನುಜನ್ನರ ಪರವಾಗಿಯೂ ಬಲವಾದ ಉತ್ತರಗಳು ಬಂದವು. ಎರಡು ಪಕ್ಷದವರೂ ಪದವನ್ನು ಪದದ ಪಕ್ಕದಲ್ಲಿ ಇಟ್ಟು ವಾದಿಸಿದರು. ಅಲ್ಲಿ ಯಾರೂ ‘ಭಾಷಾಂತರವೇ ಬೇಡ’ ಎನ್ನಲಿಲ್ಲ. ‘ಈ ಪದ ಇಲ್ಲಿ ಸರಿಯೆ’ ಎಂದು ಕೇಳಿದರು. ವಾದವೆಂದರೆ ಅದು.

ಆ ವಾದದಲ್ಲಿ ನಮ್ಮ ಹೊಗೆನಕಲ್ಲಿನ ಹುಡುಗನೊಬ್ಬನಿಗೂ ಹೇಳುವ ಮಾತಿದೆ ಎಂಬುದನ್ನು ಗಮನಿಸಿರಿ. ಇಲ್ಲಿ ಚಿನ್ನಾರು ಹೊಳೆ ಬಂದು ಕಾವೇರಿಯನ್ನು ಕೂಡುವುದನ್ನು ಅವನು ಕಂಡಿದ್ದಾನೆ. ನದಿಗಳು ಕೂಡುವೆಡೆಗೆ ತಮಿಳಿನಲ್ಲಿಯೂ ‘ಕೂಡಲ್’ ಎನ್ನುತ್ತಾರೆಂಬುದು ಅವನಿಗೆ ಗೊತ್ತು. ‘ಕೂಡಲ’ ಎಂಬ ಮಾತು ಅವನಿಗೆ ನಿಘಂಟಿನ ಶಬ್ದವಲ್ಲ, ಕಣ್ಣ ಮುಂದಿನ ನೀರು. ಲಂಡನ್ನಿನ ಓದುಗ ಭಾಷಾಂತರಕಾರನನ್ನು ನಂಬಲೇಬೇಕು. ನಮ್ಮ ಹುಡುಗ ಅವನನ್ನು ಪರೀಕ್ಷಿಸಬಲ್ಲ. ಇಂತಹ ಹುಡುಗನಿಗೆ ನಾವು ‘ನಿನಗೆ ಬಾಯಿಲ್ಲ’ ಎಂದು ಹೇಳಬೇಕೆ?

ಈಚಿನ ಇನ್ನೊಂದು ಸಂಗತಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ದೊರೆಯಿತು. ಭಾಷಾಂತರಿಸಿದವರು ದೀಪಾ ಭಾಸ್ತಿ. ಕನ್ನಡದಿಂದ ಹೋದ ಕೃತಿಗೆ ಆ ಬಹುಮಾನ ಬಂದುದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದುದೂ ಅದೇ ಮೊದಲು. ಆ ವಾರವೆಲ್ಲ ನಮ್ಮ ಜಗಲಿಯಲ್ಲಿ ನಡೆದ ವಾಗ್ವಾದ ಸದಸ್ಯರ ನೆನಪಿನಲ್ಲಿರಬಹುದು. ‘ಬಹುಮಾನ ಬಂದದ್ದು ಇಂಗ್ಲಿಷಿಗೆ, ಕನ್ನಡಕ್ಕೇನು ಬಂತು?’ ಎಂದರು ಒಬ್ಬರು. ‘ಕನ್ನಡಕ್ಕೇ ಬಂತು, ಇಂಗ್ಲಿಷು ಬರಿಯ ಹೊದಿಕೆ’ ಎಂದರು ಮತ್ತೊಬ್ಬರು. ಇಬ್ಬರ ಮಾತೂ ಸರಿಯಲ್ಲ. ಐವತ್ತು ಸಾವಿರ ಪೌಂಡುಗಳ ಆ ಬಹುಮಾನವನ್ನು ಲೇಖಕರಿಗೂ ಭಾಷಾಂತರಕಾರರಿಗೂ ಸರಿಸಮವಾಗಿ ಹಂಚುವುದೇ ಅದರ ನಿಯಮ. ಎರಡು ಕೈಗಳ ಕೆಲಸವೆಂದು ಬಹುಮಾನ ಕೊಟ್ಟವರೇ ಒಪ್ಪಿಕೊಂಡಿದ್ದಾರೆ. ಭಾಸ್ತಿಯವರು ಅನೇಕ ಕನ್ನಡ, ಉರ್ದು, ಅರಬ್ಬೀ ಮಾತುಗಳನ್ನು ಇಂಗ್ಲಿಷಿನೊಳಗೆ ಹಾಗೆಯೇ ಉಳಿಸಿಕೊಂಡರು, ಓರೆ ಅಕ್ಷರದಲ್ಲಿ ಅಚ್ಚುಹಾಕಿಸಿ ಅವುಗಳನ್ನು ಪಂಕ್ತಿಯಿಂದ ಬೇರೆ ಕೂರಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ರಾಮಾನುಜನ್ ಅಂಕಿತವನ್ನು ತಿರುಗಿಸಿದರು. ಇವರು ಮಾತನ್ನು ಉಳಿಸಿಕೊಂಡರು. ಎರಡು ದಾರಿಗಳು. ಯಾವುದು ಯಾವ ಕೃತಿಗೆ ಹೊಂದೀತು ಎಂಬುದನ್ನು ಒಂದು ಸಂಜೆಯೆಲ್ಲ ಚರ್ಚಿಸಬಹುದು. ಆದರೆ ಅಂದಿನ ನಮ್ಮ ವಾಗ್ವಾದದಲ್ಲಿ ‘ಎದೆಯ ಹಣತೆ’ಯನ್ನು ಕನ್ನಡದಲ್ಲಿ ಓದಿದವರು ಯಾರೆಂದು ಕೇಳಿದಾಗ ಎದ್ದ ಕೈಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾದುವು. ಭಾಷಾಂತರದ ಮೇಲೆ ಹರಿಹಾಯ್ದವರೇ ಮೂಲವನ್ನೂ ಓದಿರಲಿಲ್ಲ!

ನಮ್ಮ ನಿಜವಾದ ವ್ಯಾಧಿ ಇದು. ಭಾಷಾಂತರ ಓದುವುದು ವ್ಯಾಧಿಯಲ್ಲ. ಏನನ್ನೂ ಓದದೆ ಎಲ್ಲದರ ಮೇಲೆಯೂ ತೀರ್ಪು ಹೇಳುವುದು ವ್ಯಾಧಿ. ಪತ್ರಿಕೆಯಲ್ಲಿ ಬಂದ ಅರ್ಧ ಅಂಕಣ, ಯಾರೋ ಭಾಷಣದಲ್ಲಿ ಆಡಿದ ಒಂದು ಚಾಟೂಕ್ತಿ, ಇಷ್ಟೇ ಬಂಡವಾಳದ ಮೇಲೆ ಕಾಳಿದಾಸನಿಂದ ಕಾಫ್ಕಾವರೆಗೆ ಎಲ್ಲರನ್ನೂ ತೂಗುವ ತಕ್ಕಡಿ ನಮ್ಮ ಜಗಲಿಯಲ್ಲಿ ತೂಗಾಡುತ್ತದೆ. ಈಗ ಬಂದಿರುವ ಸೂಚನೆ ಈ ವ್ಯಾಧಿಗೆ ಔಷಧವಲ್ಲ; ಅದಕ್ಕೆ ಸಿಕ್ಕ ಅನುಕೂಲವಾದ ನೆಪ. ‘ಭಾಷಾಂತರವಾದ್ದರಿಂದ ಓದಲಿಲ್ಲ’ ಎನ್ನುವುದು ‘ಓದಲಿಲ್ಲ’ ಎನ್ನುವುದಕ್ಕಿಂತ ಗೌರವವಾಗಿ ಕೇಳಿಸುತ್ತದೆ, ಅಷ್ಟೆ.

ಮೂರನೆಯ ವಾದಕ್ಕೆ ಬರೋಣ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಡಿ ಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ನಮ್ಮ ಸ್ಥಿತಿ ಗೊತ್ತು. 2006ರಲ್ಲಿ ಬಂದ ತಮಿಳು ಕಲಿಕೆಯ ಕಾಯಿದೆಯ ಮೇರೆಗೆ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಎಲ್ಲ ಮಕ್ಕಳಿಗೂ ಕಡ್ಡಾಯವಾಯಿತು. ಆ ಕಾಯಿದೆಯ ಸಾಧಕಬಾಧಕಗಳನ್ನು ಇಲ್ಲಿ ಎತ್ತುವುದಿಲ್ಲ. ಅದು ಬೇರೆಯೇ ಚರ್ಚೆ. ನನ್ನ ತರಗತಿಯಲ್ಲಿ ಅದರ ಫಲವೇನೆಂದರೆ, ಮಗು ಬೆಳಗ್ಗೆ ಒಂದು ಲಿಪಿಯಲ್ಲಿ ಓದುತ್ತದೆ, ಮಧ್ಯಾಹ್ನ ಇನ್ನೊಂದು ಲಿಪಿಯಲ್ಲಿ ಓದುತ್ತದೆ. ಎರಡರ ನಡುವೆ ಸೇತುವೆ ಇಲ್ಲ. ಹೀಗಿರುವಾಗ ಕನ್ನಡವನ್ನು ಕಾಪಾಡಲು ಕಿಟಕಿ ಬಾಗಿಲುಗಳನ್ನು ಮುಚ್ಚಬೇಕೆಂದು ಹಿರಿಯರಿಗೆ ತೋರುವುದು ಸಹಜ. ಆದರೆ ಮುಚ್ಚಿದ ಕೋಣೆಯಲ್ಲಿ ಕನ್ನಡ ಕನ್ನಡ ಪಾಠದ ವೇಳೆಯ ಭಾಷೆಯಾಗಿ ಮಾತ್ರ ಉಳಿಯುತ್ತದೆ. ತಮಿಳಿನಲ್ಲಿ ಕಲಿತುದನ್ನು ಕನ್ನಡದಲ್ಲಿ ಹೇಳಲು ಬಾರದ ಮಗು ಕ್ರಮೇಣ ಕನ್ನಡದಲ್ಲಿ ಹೇಳುವುದನ್ನೇ ಬಿಡುತ್ತದೆ. ಅದೇ ಮಗುವಿಗೆ ‘ಇದನ್ನು ಕನ್ನಡದಲ್ಲಿ ಹೇಳು’ ಎಂದು ನೋಡಿರಿ. ಆಗ ಅದಕ್ಕೆ ಕನ್ನಡ ಬೇಕಾಗುತ್ತದೆ. ಬೇಕಾದ ಭಾಷೆ ಉಳಿಯುತ್ತದೆ.

ತಿರುಕ್ಕುರಳನ್ನೇ ತೆಗೆದುಕೊಳ್ಳಿ. ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಅದನ್ನು ಬಾಯಿಪಾಠ ಮಾಡಿಯೇ ತೀರಬೇಕು. 133 ಅಧಿಕಾರಗಳು, 1330 ಕುರಳುಗಳು; ‘ಅರಂ’ ಎಂಬ ಭಾಗದಲ್ಲಿ 38 ಅಧಿಕಾರ, ‘ಪೊರುಳ್’ ಎಂಬುದರಲ್ಲಿ 70, ‘ಇನ್ಬಂ’ ಎಂಬುದರಲ್ಲಿ 25. ಈ ಮೂರಕ್ಕೂ ನಾವು ಸಾಮಾನ್ಯವಾಗಿ ಧರ್ಮ, ಅರ್ಥ, ಕಾಮ ಎಂದು ಹೇಳಿಬಿಡುತ್ತೇವೆ. ತಪ್ಪಿಲ್ಲ. ಆದರೆ ಒಂದು ಕ್ಷಣ ನಿಂತು ನೋಡಿದರೆ ಏನು ಕಾಣುತ್ತದೆ! ‘ಅರಂ’ ನಮ್ಮಲ್ಲಿಯೂ ಇದೆ: ಹಳಗನ್ನಡದಲ್ಲಿ ‘ಅಱ’ ಎಂದರೆ ಧರ್ಮ, ದಾನ. ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಚಪ್ಪರಕ್ಕೆ ಇಂದಿಗೂ ‘ಅರವಟ್ಟಿಗೆ’ ಎನ್ನುತ್ತೇವಲ್ಲ, ಆ ಮಾತಿನ ಮೊದಲ ಎರಡು ಅಕ್ಷರ ಅದೇ. ‘ಪೊರುಳ್’ ನಮ್ಮ ‘ಹುರುಳು’. ತಮಿಳಿನಲ್ಲಿ ಅದು ಸಂಪತ್ತೂ ಹೌದು, ಮಾತಿನ ಅರ್ಥವೂ ಹೌದು. ‘ಇನ್ಬಂ’ ನಮ್ಮ ‘ಇನಿ’, ‘ಇಂಪು’ಗಳ ಒಡಹುಟ್ಟು. ನಾಲ್ಕನೆಯ ಪುರುಷಾರ್ಥಕ್ಕೆ ತಮಿಳರು ‘ವೀಡು’ ಎನ್ನುತ್ತಾರೆ. ಮನೆಯೆಂಬ ಅರ್ಥದಲ್ಲಿ ಅದು ನಮ್ಮ ‘ಬೀಡು’, ಮೋಕ್ಷವೆಂಬ ಅರ್ಥದಲ್ಲಿ ನಮ್ಮ ‘ಬಿಡುಗಡೆ’ಯ ಬಳಗ. ಧರ್ಮವೆಂದೊಡನೆ ಮಗುವಿನ ಮನಸ್ಸಿಗೆ ಏನು ಬರುವುದೋ ತಿಳಿಯದು. ಅರವಟ್ಟಿಗೆ ಎಂದೊಡನೆ ಬಾಯಾರಿದವನಿಗೆ ನೀರು ಕೊಡುವ ಕೈ ಬರುತ್ತದೆ. ಭಾಷಾಂತರಕ್ಕೆ ತೊಡಗಿದುದರಿಂದ ಕನ್ನಡ ನಷ್ಟವಾಯಿತೋ, ಕಳೆದುಹೋಗಿದ್ದ ಕನ್ನಡ ಮತ್ತೆ ಕೈಗೆ ಸಿಕ್ಕಿತೋ, ನೀವೇ ಹೇಳಿರಿ.

ಈ ಲೆಕ್ಕವನ್ನು ಮಕ್ಕಳು ಬಲು ಬೇಗ ಹಿಡಿಯುತ್ತಾರೆ. ತಮಿಳಿನ ಪಕಾರ ಹೊಸಗನ್ನಡದಲ್ಲಿ ಅನೇಕ ಕಡೆ ಹಕಾರವಾಗುತ್ತದೆ: ಪಾಲ್ ಹಾಲು, ಪಲ್ ಹಲ್ಲು, ಪುಲಿ ಹುಲಿ, ಪುಗೈ ಹೊಗೆ. ವಕಾರ ಬಕಾರವಾಗುತ್ತದೆ: ವಾ ಬಾ, ವೇರ್ ಬೇರು. ಹೊಗೆನಕಲ್ ಎಂಬ ನಮ್ಮ ಊರಿನ ಹೆಸರನ್ನೇ ತಮಿಳು ಬರೆಹದಲ್ಲಿ ಮೊದಲ ಹಕಾರವನ್ನು ಬಿಟ್ಟು ಬರೆಯುತ್ತಾರೆ; ಆಗ ಹೆಸರಿನ ಅರ್ಥ ಮಸಕಾಗುತ್ತದೆ. ಬಂಡೆಗಳ ಮೇಲೆ ಬಿದ್ದ ನೀರು ಹೊಗೆಯಾಗಿ ಏಳುವ ಕಲ್ಲೆಂಬುದು ಕನ್ನಡ ಬಲ್ಲವನಿಗೆ ಒಡನೆ ತಿಳಿಯುತ್ತದೆ. ತಮಿಳು ಸಹಪಾಠಿಗೆ ಅದನ್ನು ಬಿಡಿಸಿ ಹೇಳಬಲ್ಲ ಮಗು ತನ್ನ ಭಾಷೆಯ ವಿಷಯದಲ್ಲಿ ಕೀಳರಿಮೆ ಪಡುವುದಿಲ್ಲ.

ಹತ್ತಿರದ ಭಾಷೆಗಳಲ್ಲಿ ಅಪಾಯವೂ ಉಂಟು. ತಮಿಳಿನಲ್ಲಿ ‘ಕಲ್ಯಾಣಂ’ ಎಂದರೆ ಮದುವೆ. ‘ಪ್ರಸಂಗಂ’ ಎಂದರೆ ಭಾಷಣ. ‘ಅರಿವು’ ಎರಡು ಕಡೆಯೂ ಇದೆ. ಆದರೆ ವಚನಕಾರರ ಬಾಯಲ್ಲಿ ಅದು ಪಡೆದ ಆಳ ತಮಿಳಿನ ದಿನಬಳಕೆಯಲ್ಲಿ ಕಾಣದು. ಅಲ್ಲಿ ಅದು ಬುದ್ಧಿ, ತಿಳಿವಳಿಕೆ. ಒಂದೇ ರೂಪದ ಮಾತು ಒಂದೇ ಅರ್ಥವನ್ನು ಹೇಳುತ್ತದೆಂದು ನಂಬಿದ ಭಾಷಾಂತರಕಾರ ಮುಗ್ಗರಿಸುತ್ತಾನೆ. ಈ ಹೊಂಡಗಳನ್ನು ಬಲ್ಲವರು ಯಾರು? ಬೆಂಗಳೂರಿನ ವಿದ್ವಾಂಸರಿಗಿಂತ, ಚೆನ್ನೈಯ ವಿದ್ವಾಂಸರಿಗಿಂತ, ಸಂತೆಯಲ್ಲಿ ಎರಡು ಭಾಷೆಯಲ್ಲಿಯೂ ಚೌಕಾಶಿ ಮಾಡುವ ನಮ್ಮ ಜನ.

ತತ್ತ್ವಚರ್ಚೆಗೂ ಇದರಿಂದ ಲಾಭವೇ. ನಾಲ್ಕು ಪುರುಷಾರ್ಥಗಳಲ್ಲಿ ಮೂರನ್ನೇ ಹೇಳಿ ನಾಲ್ಕನೆಯದಕ್ಕೆ ವಳ್ಳುವರ್ ಏಕೆ ಬೇರೆ ಭಾಗ ಮಾಡಲಿಲ್ಲ? ಮೋಕ್ಷವನ್ನು ಆತ ನಂಬುತ್ತಿರಲಿಲ್ಲ ಎಂದು ನಮ್ಮಲ್ಲಿ ಒಬ್ಬರು ಒಮ್ಮೆ ಘಂಟಾಘೋಷವಾಗಿ ಸಾರಿದರು. ಪ್ರಾಚೀನ ವ್ಯಾಖ್ಯಾನಕಾರ ಪರಿಮೇಲಳಗರ್ ಬೇರೆಯೇ ಹೇಳುತ್ತಾನೆ: ‘ವೀಡು’ ಮನಸ್ಸಿಗೂ ಮಾತಿಗೂ ಎಟುಕದ ನೆಲೆ, ಅದರ ಲಕ್ಷಣವನ್ನು ಹೇಳಲಾಗದು, ಅದಕ್ಕೆ ಕಾರಣವಾದ ತ್ಯಾಗಧರ್ಮವನ್ನು ಮಾತ್ರ ಹೇಳಬಹುದು, ಅದನ್ನು ಮೊದಲನೆಯ ಭಾಗದಲ್ಲಿಯೇ ಹೇಳಿದೆ ಎಂದು ಅವನ ಅಭಿಪ್ರಾಯ. ಒಪ್ಪುವುದೂ ಬಿಡುವುದೂ ನಮ್ಮ ಇಚ್ಛೆ. ಆದರೆ ಪುಸ್ತಕ ಮಡಿಲಲ್ಲಿದ್ದರೆ ಈ ವಾದ ಹತ್ತು ನಿಮಿಷದಲ್ಲಿ ಹಾದಿಗೆ ಬರುತ್ತದೆ. ಇಲ್ಲದಿದ್ದರೆ ಹತ್ತು ವರ್ಷವಾದರೂ ಬರುವುದಿಲ್ಲ. ಕುರಳು ಕನ್ನಡದಲ್ಲಿ ಇಲ್ಲವೆಂದಲ್ಲ. ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು 1910ರ ಸುಮಾರಿಗೆ ‘ನೀತಿಮಂಜರಿ’ಯಲ್ಲಿ ಅದರ ಕೆಲವು ಅಧಿಕಾರಗಳನ್ನು ಕನ್ನಡಿಸಿದರು, ಎಲ್. ಗುಂಡಪ್ಪನವರು ಆ ಕೆಲಸವನ್ನು ಮುಂದುವರಿಸಿದರು, ಆಮೇಲೆಯೂ ಕನ್ನಡಿಸಿದವರುಂಟು. ಸೂಚನೆ ಅಂಗೀಕೃತವಾದರೆ ಇಂತಹ ಪುಸ್ತಕಗಳು ನಮ್ಮ ಕೂಟದಿಂದ ಹೊರಗೆ ಹೋಗುತ್ತವೆ.

ನಮ್ಮ ಜಿಲ್ಲೆಯ ಮುಖ್ಯ ಪಟ್ಟಣ ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದ ನೊಳಂಬ ಅರಸರ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ನಾವು ಅವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದಕ್ಕೂ ಬಹು ಹಿಂದೆ ಅದೇ ತಗಡೂರನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯನ್ನು ಔವೈಯಾರ್ ಹಾಡಿದ್ದಾಳೆ. ಆ ಹಾಡುಗಳು ಸಂಗಂ ಸಂಕಲನವಾದ ‘ಪುರನಾನೂರು’ವಿನಲ್ಲಿವೆ. ಪುರನಾನೂರು ಪೂರ್ತಿಯಾಗಿ ಇಂಗ್ಲಿಷಿಗೆ ಹೋಗಿದೆ. ನಮ್ಮೂರ ಅರಸನ ಮೇಲೆ ಪಕ್ಕದ ಮನೆಯ ಭಾಷೆಯಲ್ಲಿ ಹಾಡಿದ ಹಾಡನ್ನು ನಾವು ಸಮುದ್ರ ಸುತ್ತಿಬಂದ ಇಂಗ್ಲಿಷಿನಿಂದ ಓದಬೇಕೆ? ಶಾಸನವೂ ನಮ್ಮದು, ಹಾಡೂ ನಮ್ಮ ನೆಲದ್ದು. ಎರಡನ್ನೂ ಓದಬಲ್ಲವರು ನಾವು.

ಎದುರು ದಿಕ್ಕಿನಲ್ಲಿ ಕೆಲಸ ಮಾಡಿದವರನ್ನೂ ನೆನೆಯಬೇಕು. ಪಾವಣ್ಣನ್ ಎಂಬ ತಮಿಳು ಲೇಖಕರು ದೂರವಾಣಿ ಇಲಾಖೆಯ ನೌಕರಿಯ ನಿಮಿತ್ತ ಕರ್ನಾಟಕಕ್ಕೆ ಬಂದು ಕನ್ನಡ ಕಲಿತರು, ಎಸ್. ಎಲ್. ಭೈರಪ್ಪನವರ ‘ಪರ್ವ’ವನ್ನೂ ಇನ್ನೂ ಅನೇಕ ಕೃತಿಗಳನ್ನೂ ತಮಿಳಿಗೆ ಕೊಟ್ಟು, ಸಾಹಿತ್ಯ ಅಕಾಡೆಮಿಯ ಭಾಷಾಂತರ ಪುರಸ್ಕಾರ ಪಡೆದರು. ಹೊಟ್ಟೆಪಾಡಿಗೆ ಬಂದವರು ಅಷ್ಟು ಮಾಡಿದರು. ಇಲ್ಲಿಯೇ ಹುಟ್ಟಿ ಎರಡನ್ನೂ ಆಡುತ್ತ ಬೆಳೆದ ನಾವೇನು ಮಾಡಿದೆವು? 2009ರ ಆಗಸ್ಟಿನಲ್ಲಿ, ಹದಿನೆಂಟು ವರ್ಷ ಮುಸುಕಿನಲ್ಲಿದ್ದ ತಿರುವಳ್ಳುವರ್ ಪ್ರತಿಮೆ ಬೆಂಗಳೂರಿನಲ್ಲಿ ಅನಾವರಣವಾಯಿತು. ನಾಲ್ಕು ದಿನಗಳಲ್ಲಿ ಸರ್ವಜ್ಞನ ಪ್ರತಿಮೆ ಚೆನ್ನೈಯಲ್ಲಿ ಅನಾವರಣವಾಯಿತು. ಹಿಂದಿನ ವರ್ಷವಷ್ಟೇ ಹೊಗೆನಕಲ್ಲಿನ ಕುಡಿಯುವ ನೀರಿನ ಯೋಜನೆಯ ಹೆಸರಿನಲ್ಲಿ ಎರಡು ರಾಜ್ಯಗಳೂ ಕಾವೇರಿಕೊಂಡಿದ್ದುವು. ಕಲ್ಲಿನ ವಿನಿಮಯ ಸರ್ಕಾರಗಳಿಂದ ಆಯಿತು; ಒಳ್ಳೆಯದೇ. ಮಾತಿನ ವಿನಿಮಯ ಸರ್ಕಾರಗಳಿಂದ ಆಗುವುದಲ್ಲ. ಅದು ತರಗತಿಯಲ್ಲಿ, ವಾಚನಕೂಟದಲ್ಲಿ ಆಗಬೇಕು.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಸೂಚನೆಯನ್ನು ತಿರಸ್ಕರಿಸಿರಿ. ಅದರ ಬದಲಿಗೆ ಮೂರು ಕಟ್ಟಳೆಗಳನ್ನು ಮಾಡಿಕೊಳ್ಳೋಣ. ಒಂದು: ಪುಸ್ತಕವನ್ನು ಓದದವರು ಕೂಟದಲ್ಲಿ ಕೇಳಬಹುದು, ಪ್ರಶ್ನೆ ಹಾಕಬಹುದು, ತೀರ್ಪು ಹೇಳಕೂಡದು, ಈ ನಿಯಮ ಸ್ವತಂತ್ರ ಕೃತಿಗೂ ಭಾಷಾಂತರಕ್ಕೂ ಸಮಾನ. ಎರಡು: ಭಾಷಾಂತರ ಕೆಟ್ಟಿದೆ ಎನ್ನುವವರು ಕೆಟ್ಟಿರುವ ವಾಕ್ಯವನ್ನು ತೋರಿಸಬೇಕು, ಮೂಲ ತಮಿಳಿನದಾದರೆ ತಮಿಳು ಬಲ್ಲ ಸದಸ್ಯರು ಮೂಲವನ್ನು ಪಕ್ಕದಲ್ಲಿಟ್ಟು ಓದಬೇಕು. ಮೂರು: ಪ್ರತಿ ತಿಂಗಳೂ ವಿದ್ಯಾರ್ಥಿಗಳಿಂದ ತಮಿಳು ಪಾಠದ ಒಂದು ಪರಿಚ್ಛೇದವನ್ನು ಕನ್ನಡಕ್ಕೆ ಮಾಡಿಸಿ, ಉತ್ತಮವಾದುದನ್ನು ಈ ಪತ್ರಿಕೆಯಲ್ಲಿಯೇ ಹಾಕಬೇಕು, ತಿದ್ದುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ, ಜೊತೆಗೆ ಇನ್ನಿಬ್ಬರು ಉಪಾಧ್ಯಾಯರು ಬೇಕು. ಜಗಲಿಯ ಹರಟೆಯನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಓದುಗರು ತಯಾರಾಗುವುದೇ ಅಲ್ಲಿ. ಹದಿಮೂರು ವರ್ಷದ ಹುಡುಗ ಹಿರಿಯರ ವಾದವನ್ನು ಕಂಬದ ಮರೆಯಲ್ಲಿ ನಿಂತು ಕೇಳಿ, ಮರುದಿನ ಆ ಪುಸ್ತಕವನ್ನು ಕೇಳಿಕೊಂಡು ಬರುತ್ತಾನೆ. ಅವನು ಬಂದಾಗ ಪುಸ್ತಕ ಕಪಾಟಿನಲ್ಲಿ ಇರಬೇಕು.

ನಮ್ಮ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗರನ್ನು ಎಲ್ಲರೂ ನೋಡಿದ್ದೀರಿ. ದಾಟುವಾಗ ಒಂದಿಷ್ಟು ನೀರು ಒಳಗೆ ಎರಚುತ್ತದೆ; ಮೊಗೆದು ಹೊರಗೆ ಚೆಲ್ಲುತ್ತಾರೆ. ನೀರು ಎರಚಿತೆಂದು ಹರಿಗೋಲನ್ನೇ ಸುಟ್ಟುಬಿಡಿರಿ ಎಂದವರನ್ನು ನಾನು ಕಂಡಿಲ್ಲ. ಸಭೆಯಲ್ಲಿ ಕೈಯೆತ್ತುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ವರ್ಷ ನಾನು ಮೊದಲಿಂದ ಕಡೆಯವರೆಗೆ ಓದಿದ ಸ್ವತಂತ್ರ ಕನ್ನಡ ಕೃತಿಗಳೆಷ್ಟು? ಆ ಸಂಖ್ಯೆ ದೊಡ್ಡದಾಗಿದ್ದರೆ ಸೂಚನೆಯ ಪರವಾಗಿ ಮಾತಾಡುವುದಕ್ಕೆ ಅವರಿಗೆ ಅಧಿಕಾರವಿದೆ. ಆದರೂ ನಾನು ಅವರೊಡನೆ ವಾದಿಸುವೆ. ಚಿಕ್ಕದಾಗಿದ್ದರೆ, ಅವರಿಗೆ ಬೇಕಾಗಿರುವುದು ನಿಷೇಧವಲ್ಲ, ಪುಸ್ತಕ.